ಚಲನಚಿತ್ರ ನಿರ್ದೇಶಕ ಜಾನ್ ಅಬ್ರಹಾಂ (1937-1987): ಜೀವನ ಮತ್ತು ಕೃತಿಗಳು

ನಿರ್ಮಾಪಕರ ಬಂಡವಾಳವನ್ನು ಅವಲಂಬಿಸದೆ, ಜನಸಾಮಾನ್ಯರ ದೇಣಿಗೆಯಿಂದಲೇ ಪೂರ್ಣಪ್ರಮಾಣದ ಚಿತ್ರವನ್ನು ನಿರ್ಮಿಸಿದ ಭಾರತೀಯ ನಿರ್ದೇಶಕರಲ್ಲಿ ಶ್ರೀ ಜಾನ್ ಅಬ್ರಹಾಂ ಅವರು ಪ್ರಮುಖರು. ಇದೇ ಹೆಸರಿನ ಹಿಂದಿ ಚಿತ್ರನಟರು ಬೇರೆ ವ್ಯಕ್ತಿಯಾಗಿರುತ್ತಾರೆ. ನಿರ್ದೇಶಕರ ಸಂಕ್ಷಿಪ್ತ ಪರಿಚಯವನ್ನು ನಾಗರಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1937ರ ಆಗಸ್ಟ್ 11ರಂದು ಕೇರಳದ ಕುಟ್ಟನಾಡಿನಲ್ಲಿ ಜನಿಸಿದರು. ಪದವಿ ಪಡೆದ ತರುವಾಯ ಕರ್ನಾಟಕದ ಬಳ್ಳಾರಿಯಲ್ಲಿ ಭಾರತೀಯ ಜೀವ ವಿಮಾ ನಿಗಮದ ಉದ್ಯೋಗಿಯಾಗಿ ಸೇವೆ ಸಲ್ಲಿಸಿದರು. ನಿಶ್ಚಿತ ವೇತನದ ಆ ಉದ್ಯೋಗವನ್ನು ತೊರೆದು ಪುಣೆಯ ಚಲನಚಿತ್ರ ಸಂಸ್ಥೆಗೆ ಸೇರಿ, ಬಂಗಾಳದ ಹೆಸರಾಂತ ನಿರ್ದೇಶಕ ಋತ್ವಿಕ್ ಘಟಕ್ ಅವರ ಶಿಷ್ಯರಾದರು. ಮಣಿ ಕೌಲ್ ಅವರ ‘ಉಸ್ಕಿ ರೋಟಿ’ ಚಿತ್ರಕ್ಕೆ ಸಹಾಯಕರಾಗಿ ದುಡಿದರು.

ಚಿತ್ರಗಳು

ಇವರ ಮೊದಲ ಕಥಾಚಿತ್ರ 1972ರಲ್ಲಿ ತೆರೆಕಂಡಿತು. 1977ರ ತಮಿಳು ಚಿತ್ರ ‘ಅಗ್ರಹಾರತ್ತಿಲ್ ಕಳುದೈ’ಯು ಪ್ರಾಧ್ಯಾಪಕರೊಬ್ಬರು ತಾಯಿಯಿಲ್ಲದ ಕತ್ತೆಮರಿಯನ್ನು ಸಾಕುವ ಕಥೆಯಾಗಿದೆ. ಅಗ್ರಹಾರದವರು ಅದನ್ನು ಅಪಶಕುನವೆಂದು ಕೊಲ್ಲಿಸಿ, ಅನಂತರ ಅದಕ್ಕೇ ಗುಡಿ ಕಟ್ಟಲು ಮುಂದಾಗುತ್ತಾರೆ. ತೀವ್ರ ವಿರೋಧವನ್ನು ಎದುರಿಸಿದ ಈ ಚಿತ್ರಕ್ಕೆ ಅತ್ಯುತ್ತಮ ತಮಿಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಲಭಿಸಿತು. ಕುಟ್ಟನಾಡಿನ ಜಮೀನ್ದಾರಿ ವ್ಯವಸ್ಥೆಯನ್ನು ಕುರಿತ ಮಲಯಾಳಂ ಚಿತ್ರವೊಂದನ್ನು 1979ರಲ್ಲಿ ನಿರ್ದೇಶಿಸಿದರು.

ಒಡೆಸ್ಸಾ ಸಂಘಟನೆ

ಚಿತ್ರರಂಗದಲ್ಲಿ ಹಣ ಹೂಡಿದವರೇ ಕಥೆಯನ್ನೂ ತಾರಾಗಣವನ್ನೂ ನಿರ್ಧರಿಸುವುದು ವಾಡಿಕೆ. ಇದಕ್ಕೆ ಪರ್ಯಾಯವಾಗಿ ಜಾನ್ ಮತ್ತು ಗೆಳೆಯರು 1984ರಲ್ಲಿ ‘ಒಡೆಸ್ಸಾ’ ಎಂಬ ಸಂಘಟನೆಯನ್ನು ಸ್ಥಾಪಿಸಿದರು. ಸದಸ್ಯರು ಊರೂರುಗಳಿಗೆ ತೆರಳಿ, ಚಾರ್ಲಿ ಚಾಪ್ಲಿನ್ ಅವರ ‘ದಿ ಕಿಡ್’ ಮುಂತಾದ ಚಿತ್ರಗಳನ್ನು ತೋರಿಸಿ, ಜನರು ನೀಡಿದ ಸಣ್ಣ ಸಣ್ಣ ಮೊತ್ತಗಳನ್ನು ಸಂಗ್ರಹಿಸಿದರು. ಈ ಹಣದಿಂದ 1986ರಲ್ಲಿ ‘ಅಮ್ಮ ಅರಿಯಾನ್’ ಸಿದ್ಧವಾಯಿತು. ಯುವಕನೊಬ್ಬನ ಮರಣವಾರ್ತೆಯನ್ನು ಅವನ ತಾಯಿಗೆ ತಿಳಿಸಲು ವಯನಾಡಿನಿಂದ ಕೊಚ್ಚಿಗೆ ಹೊರಟವನ ಪಯಣವೇ ಇದರ ವಸ್ತು. ದಾರಿಯುದ್ದಕ್ಕೂ ಮೃತನ ಗೆಳೆಯರು ಅವನ ಜೊತೆಗೂಡುತ್ತಾರೆ. ಇದರ ಛಾಯಾಗ್ರಾಹಕ ವೇಣು ಅವರು ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು.

ದೇಣಿಗೆದಾರರಿಗೆ ಲಾಭಾಂಶವಿರಲಿಲ್ಲ. ಚಿತ್ರವನ್ನು ಊರುಗಳಿಗೆ ಕೊಂಡೊಯ್ದು ಜನರಿಗೆ ತೋರಿಸುವ ಮೂಲಕ ಸಂಘಟನೆಯು ಅವರ ಋಣವನ್ನು ತೀರಿಸಿತು. ಬಡ್ಡಿಯ ಹೊರೆಯಾಗಲಿ ವಿತರಕರ ಷರತ್ತಾಗಲಿ ಇರದ ಕಾರಣ ನಿರ್ದೇಶಕರಿಗೆ ಸ್ವಾತಂತ್ರ್ಯ ದೊರೆಯಿತು. ಆದರೆ ಈ ಕ್ರಮದಲ್ಲಿ ಪ್ರತಿ ಚಿತ್ರಕ್ಕೂ ಮತ್ತೆ ಜನರ ಬಳಿಗೇ ಹೋಗಬೇಕಾಗುತ್ತದೆ.

ನಿಧನ

ಅಂತಹ ಎರಡನೆಯ ಚಿತ್ರಕ್ಕೆ ಅವರಿಗೆ ಕಾಲಾವಕಾಶ ದೊರೆಯಲಿಲ್ಲ. ಕಲ್ಲಿಕೋಟೆಯಲ್ಲಿ ಕಟ್ಟಡವೊಂದರಿಂದ ಬಿದ್ದು 1987ರ ಮೇ 31ರಂದು ನಿಧನರಾದರು. ಆಗ ಅವರ ವಯಸ್ಸು 49. ಅವರು ಪೂರ್ಣಗೊಳಿಸಿದ ಕಥಾಚಿತ್ರಗಳು ಕೇವಲ ನಾಲ್ಕು. ಅವರ ನಂತರವೂ ಒಡೆಸ್ಸಾ ಸದಸ್ಯರು ಗ್ರಾಮಗಳಲ್ಲಿ ಚಿತ್ರಪ್ರದರ್ಶನವನ್ನು ಮುಂದುವರಿಸಿದರು. ಜನರ ಹಣದಿಂದಾದ ಕೆಲಸವು ಜನರಿಗೆ ತಲುಪಬೇಕೆಂಬ ನಿಯಮವನ್ನು ಪಾಲಿಸಿದ ಕಲಾವಿದರಾಗಿ ಜಾನ್ ಅಬ್ರಹಾಂ ಅವರು ಸ್ಮರಣೀಯರು.