ಘಾಟಗೆ: ಗ್ಲೈಡರ್‌ನಿಂದ ಎಚ್‌ಟಿ-2ರವರೆಗೆ

ತೆಳುವಾದ ಬಾಲ್ಸಾ ಮರದ ಪಟ್ಟಿಗಳಿಗೆ ಕಾಗದ ಹೊದಿಸಿ ಮಾಡಿದ ಪುಟ್ಟ ಮಾದರಿ ವಿಮಾನವನ್ನು ಬಿಳಿಕೆರೆಯ ಕೊಯ್ಲು ಮುಗಿದ ಬಯಲಿನಲ್ಲಿ ಹಾರಿಬಿಟ್ಟರೂ ಬೆಂಗಳೂರಿನ ಮೈದಾನದಲ್ಲಿ ಹಾರಿಬಿಟ್ಟರೂ ನಿಯಮ ಒಂದೇ. ಕೈಬಿಟ್ಟ ಮೇಲೆ ಅದಕ್ಕೆ ಚಾಲಕನಿಲ್ಲ, ರೇಡಿಯೊ ನಿಯಂತ್ರಣವೂ ಇಲ್ಲ. ಮೂತಿ ಭಾರವಾದರೆ ನೆಲಕ್ಕೆ ಮುಗ್ಗರಿಸುತ್ತದೆ. ಬಾಲ ಭಾರವಾದರೆ ತಲೆಯೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆ. ಗಾಳಿ ಅಲುಗಾಡಿಸಿದಾಗ ತಾನಾಗಿಯೇ ಸರಿಹೋಗುವ ಗುಣ ರಚನೆಯಲ್ಲಿಯೇ ಅಡಗಿರಬೇಕು. ಹವ್ಯಾಸಿಗಳು ಬಯಲಿನಲ್ಲಿ ಕಲಿಯುವ ಈ ಸ್ಥಿರತೆಯ ಶಾಸ್ತ್ರವನ್ನು ಬದುಕಿನ ಕಾಯಕವಾಗಿಸಿಕೊಂಡು, ಸ್ವದೇಶಿ ವಿಮಾನ ವಿನ್ಯಾಸಕ್ಕೆ ಬೆಂಗಳೂರಿನಲ್ಲಿ ಅಡಿಪಾಯ ಹಾಕಿದವರು ಡಾ. ವಿಷ್ಣು ಮಾಧವ ಘಾಟಗೆ.

1908ರ ಅಕ್ಟೋಬರ್ 24ರಂದು, ಕರ್ನಾಟಕದ ಗಡಿಗೆ ಸಮೀಪವಿರುವ ಈಗಿನ ಕೊಲ್ಹಾಪುರ ಜಿಲ್ಲೆಯ ಹಸೂರ್‌ಚಂಪು ಗ್ರಾಮದಲ್ಲಿ ಅವರ ಜನನ. ಮುಂಬಯಿಯಲ್ಲಿ ವ್ಯಾಸಂಗ ಮುಗಿಸಿ ಜರ್ಮನಿಯ ಗಟಿಂಗೆನ್‌ಗೆ ತೆರಳಿ, ಆಧುನಿಕ ವಾಯುಚಲನ ವಿಜ್ಞಾನದ ಪಿತಾಮಹರೆನಿಸಿದ ಲುಡ್ವಿಗ್ ಪ್ರಾಂಟಲ್ ಅವರ ಮಾರ್ಗದರ್ಶನದಲ್ಲಿ 1936ರಲ್ಲಿ ಡಾಕ್ಟರೇಟ್ ಪಡೆದರು.

ಆಗ ಭಾರತದಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಅಲ್ಲಿ ಸೇರಿದ ಘಾಟಗೆ 1941ರಲ್ಲಿ ಹತ್ತು ಆಸನಗಳ ಜಿ-1 ಗ್ಲೈಡರ್ ವಿನ್ಯಾಸಗೊಳಿಸಿದರು. ಎಂಜಿನ್ ಇಲ್ಲದ ಈ ವಾಹನ, ಮಾದರಿ ಗ್ಲೈಡರ್‌ನಂತೆಯೇ, ಏರಿದ ಎತ್ತರವನ್ನು ಮೆಲ್ಲನೆ ಬಿಟ್ಟುಕೊಡುತ್ತಾ ದೂರ ಕ್ರಮಿಸುವಂಥದ್ದು.

ಆದರೆ ಎರಡನೇ ಮಹಾಯುದ್ಧದ ಒತ್ತಡದಲ್ಲಿ ಕಾರ್ಖಾನೆ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಹೊಸ ವಿನ್ಯಾಸಕ್ಕೆ ಅವಕಾಶ ಕಿರಿದಾಯಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ವೈಮಾನಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಘಾಟಗೆ ಬೋಧನೆಗೆ ತೊಡಗಿದರು. ದೇಶಕ್ಕೆ ಬೇಕಿದ್ದ ವಿಮಾನ ತಂತ್ರಜ್ಞರ ಮೊದಲ ತಲೆಮಾರು ಅಲ್ಲಿ ರೂಪುಗೊಂಡಿತು.

ಸ್ವಾತಂತ್ರ್ಯಾನಂತರ ಅವರ ಹೆಗಲೇರಿದ್ದು ತರಬೇತಿ ವಿಮಾನದ ಹೊಣೆ. ಮಾದರಿ ವಿಮಾನದ ಲೆಕ್ಕ ತಪ್ಪಿದರೆ ಮುರಿಯುವುದು ಮರದ ಕಡ್ಡಿ ಮಾತ್ರ. ತರಬೇತಿ ವಿಮಾನದ ಲೆಕ್ಕ ತಪ್ಪಿದರೆ ಪಣಕ್ಕಿರುವುದು ಕಲಿಯುವವನ ಮತ್ತು ಕಲಿಸುವವನ ಪ್ರಾಣ. 1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ ಅವರು ಎರಡು ಆಸನಗಳ, ಲೋಹಕಾಯದ ಎಚ್‌ಟಿ-2 ವಿಮಾನವನ್ನು ಮೊದಲ ಬಾರಿಗೆ ಬೆಂಗಳೂರಿನ ಬಾನಿಗೇರಿಸಿದರು. 160ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ದಶಕಗಳ ಕಾಲ ವಾಯುಪಡೆಯ ಪೈಲಟ್‌ಗಳ ಮೊದಲ ಪಾಠಶಾಲೆ ಅದೇ ಆಯಿತು. ಘಾನಾ ದೇಶಕ್ಕೂ ರಫ್ತಾಯಿತು.

ಮುಂದೆ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ 1958ರಲ್ಲಿ ಪುಷ್ಪಕ್, 1959ರಲ್ಲಿ ಕೃಷಕ್, 1964ರಲ್ಲಿ ಜೆಟ್ ತರಬೇತಿ ವಿಮಾನ ಕಿರಣ್ ಹಾರಿದವು. ಚೌಕಟ್ಟಿಗೆ ಬಟ್ಟೆ ಹೊದಿಸಿದ ಪುಷ್ಪಕ್, ಹವ್ಯಾಸಿಗಳ ಕಾಗದದ ಮಾದರಿಗೆ ರಚನೆಯಲ್ಲಿ ಹತ್ತಿರದ ನೆಂಟ. 1965ರಲ್ಲಿ ಘಾಟಗೆ ಅವರಿಗೆ ಪದ್ಮಶ್ರೀ ಸಂದಿತು. 1991ರ ಡಿಸೆಂಬರ್‌ನಲ್ಲಿ ಅವರು ನಿಧನರಾದರು.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅವರ ಎಚ್‌ಟಿ-2 ಇಂದಿಗೂ ನೋಡಲು ಸಿಗುತ್ತದೆ. ಮಾದರಿ ವಿಮಾನ ಕಟ್ಟುವ ಮಕ್ಕಳು ಅದರ ರೆಕ್ಕೆ ಮತ್ತು ಬಾಲದ ಅನುಪಾತವನ್ನು ಒಮ್ಮೆ ಗಮನಿಸಿ ನೋಡಬೇಕು.