ಟೋಪಿಯ ಕೆಳಗೆ ಅಡಗಿದ ಹುಡುಗ

ಈ ಸಲ ನಾನು ಬರೆಯಹೊರಟಿರುವುದು ಸ್ವೀಡನ್ನಿನ ಮಹಾ ಲೇಖಕಿ ಸೆಲ್ಮಾ ಲಾಗರ್‌ಲೋಫ್ ಅವರ ಬಗ್ಗೆ. ಕೋಡ್ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಸಾಹಿತ್ಯದ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮಮ್ಮ!

ಹೋದ ಚಳಿಗಾಲದಲ್ಲಿ ಅಮ್ಮ ದಾವಣಗೆರೆಯಿಂದ ನಮ್ಮನ್ನು ನೋಡಲು ಕಾರ್ಲ್‌ಸ್ಕ್ರೂನಾಕ್ಕೆ ಬಂದಿದ್ದರು. ಒಂದು ಸಂಜೆ ತರಕಾರಿ ಕೊಂಡು ದೊಡ್ಡ ಚೌಕದ ಹತ್ತಿರ ನಡೆದು ಬರುತ್ತಿದ್ದೆವು. ಮೂಲೆಯಲ್ಲಿ ನಾಲ್ಕೈದು ಹುಡುಗರು. ತಲೆ ಮುಚ್ಚುವ ಕರಿ ಜಾಕೆಟ್ಟು, ಜೋರಾದ ಹಾಡು, ಕೂಗಾಟ. ಇಂಥವರ ಬಗ್ಗೆ ಪೇಪರಿನಲ್ಲಿ ಓದಿದ್ದೆಲ್ಲ ನನ್ನ ತಲೆಯಲ್ಲಿತ್ತು. ಅಮ್ಮನ ಕೈ ಹಿಡಿದು ಅವಸರದಿಂದ ರಸ್ತೆ ದಾಟಿಸಹೋದೆ. ಆ ಅವಸರದಲ್ಲೇ ಅಮ್ಮ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದರು. ನಾನು ಕೈಚೀಲ ಬಿಟ್ಟು ಬಗ್ಗುವಷ್ಟರಲ್ಲಿ ಆ ಹುಡುಗರು ಓಡಿ ಬಂದಿದ್ದರು. ಒಬ್ಬ ತನ್ನ ಜಾಕೆಟ್ ಬಿಚ್ಚಿ ಅಮ್ಮನಿಗೆ ಹೊದಿಸಿದ. ಇನ್ನೊಬ್ಬ ಉರುಳಿಹೋದ ಆಲೂಗಡ್ಡೆಗಳನ್ನೆಲ್ಲ ಆರಿಸಿ ತುಂಬಿದ. ಉಳಿದವರು ಎರಡೂ ಕಡೆ ತೋಳು ಕೊಟ್ಟು ಮನೆ ಬಾಗಿಲವರೆಗೂ ಬಂದರು. ಚಹಾ ಕುಡಿದು ಹೋಗಿ ಎಂದರೆ ನಾಚಿಕೊಂಡು ಹೊರಟೇಹೋದರು. ಹೆಸರು ಕೂಡ ಹೇಳಲಿಲ್ಲ.

ಅಮ್ಮನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಆದರೆ ಅವರು ಒಂದು ಪ್ರಶ್ನೆ ಕೇಳಿದರು. ಅಷ್ಟು ಒಳ್ಳೆಯ ಮಕ್ಕಳನ್ನು ಕಂಡು ನೀನು ಯಾಕಪ್ಪ ಓಡಿದೆ ಎಂದು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರದ ಜಾಡು ಸಿಕ್ಕಿದ್ದು ನಮ್ಮೂರಿನದೇ ಒಂದು ಮರದ ಗೊಂಬೆಯಿಂದ. ಕಾರ್ಲ್‌ಸ್ಕ್ರೂನಾ ನೌಕಾಪಡೆಗಾಗಿಯೇ ಹುಟ್ಟಿದ ಊರು. ಹನ್ನೊಂದನೆಯ ಕಾರ್ಲ್ ರಾಜ 1680ರಲ್ಲಿ ಇದನ್ನು ಕಟ್ಟಿಸಿದ. 1998ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಕೆಂಪು ಬಣ್ಣದ ಮರದ ದೊಡ್ಡ ಇಗರ್ಜಿಯೊಂದಿದೆ, ಅಡ್ಮಿರಾಲ್ಟಿ ಇಗರ್ಜಿ ಎಂದು ಹೆಸರು. ಅದರ ಬಾಗಿಲ ಬಳಿ ಗಡ್ಡದ ಮುದುಕನೊಬ್ಬನ ಮರದ ಆಳೆತ್ತರದ ಗೊಂಬೆ ನಿಂತಿದೆ. ಹೆಸರು ರೂಸೆನ್‌ಬೂಮ್. ಅವನ ಟೋಪಿ ಎತ್ತಿ ಒಳಗೆ ಕಾಸು ಹಾಕಬೇಕು, ಅದು ಬಡವರಿಗೆ ಹೋಗುತ್ತದೆ. ಹಳೆಯ ಗೊಂಬೆಯನ್ನು ಈಗ ಇಗರ್ಜಿಯ ಒಳಗೆ ಜೋಪಾನವಾಗಿ ಇಟ್ಟಿದ್ದಾರೆ, ಹೊರಗಿರುವುದು ಅದರ ಪ್ರತಿ. ರೂಸೆನ್‌ಬೂಮ್ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಬಡವ, ಕಾಯಿಲೆ ಬಿದ್ದು ಭಿಕ್ಷೆಗೆ ಇಳಿದು, ಹೊಸವರ್ಷದ ಹಿಂದಿನ ರಾತ್ರಿ ಚಳಿಯಲ್ಲಿ ಹೆಪ್ಪುಗಟ್ಟಿ ಸತ್ತ ಎಂದು ಊರಿನವರು ಕಥೆ ಹೇಳುತ್ತಾರೆ. ಈ ಭಿಕ್ಷುಕನನ್ನು ಲೋಕಕ್ಕೆಲ್ಲ ಪರಿಚಯ ಮಾಡಿಕೊಟ್ಟವರೇ ಸೆಲ್ಮಾ ಲಾಗರ್‌ಲೋಫ್.

ಸೆಲ್ಮಾ ಹುಟ್ಟಿದ್ದು 1858ರ ನವೆಂಬರ್ 20ರಂದು, ಇಲ್ಲಿಂದ ಬಹಳ ದೂರದ ವೆರ್ಮ್‌ಲಂಡ್ ಪ್ರಾಂತದ ಮೋರ್‌ಬಾಕಾ ಎಂಬ ತೋಟದ ಮನೆಯಲ್ಲಿ. ತಂದೆ ಎರಿಕ್ ಗುಸ್ತಾಫ್ ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದವರು, ತಾಯಿ ಲೊವೀಸಾ. ಮಗುವಿಗೆ ಹುಟ್ಟಿನಿಂದಲೇ ಸೊಂಟದ ಕೀಲಿನಲ್ಲಿ ದೋಷ. ಮೂರೂವರೆ ವರ್ಷದಲ್ಲಿ ಕಾಲುಗಳ ಸ್ವಾಧೀನವೇ ತಪ್ಪಿತು. ಆಮೇಲೆ ನಡೆಯುವಂತಾದರೂ ಕುಂಟು ಕೊನೆಯವರೆಗೂ ಉಳಿಯಿತು. ಬೇರೆ ಮಕ್ಕಳು ಹೊರಗೆ ಕುಣಿಯುವಾಗ ಈ ಹುಡುಗಿ ಅಜ್ಜಿಯ ಪಕ್ಕದಲ್ಲಿ ಕೂತು ಕಥೆ ಕೇಳುತ್ತಿದ್ದಳು. ನಮ್ಮ ಮನೆಗಳ ಜಗುಲಿಯ ಹಾಗೆಯೇ ಅನ್ನಿ! ಸೆಲ್ಮಾಗೆ ಐದು ವರ್ಷವಾದಾಗ ಅಜ್ಜಿ ತೀರಿಕೊಂಡರು. ಆ ದಿನ ಮನೆಯೊಳಗಿನ ಒಂದು ಲೋಕವೇ ಬಾಗಿಲು ಹಾಕಿಕೊಂಡಂತೆ ಆಯಿತೆಂದು ಮುಂದೆ ಅವರು ನೆನೆದುಕೊಂಡಿದ್ದಾರೆ.

ತಂದೆ ಹಾಡು, ಹಬ್ಬ, ನೆಂಟರಿಷ್ಟರೆಂದರೆ ಪ್ರಾಣ ಬಿಡುವ ಮನುಷ್ಯ. ಆದರೆ ಬರುಬರುತ್ತಾ ಕುಡಿತ ಹೆಚ್ಚಿತು, ಆರೋಗ್ಯ ಕೆಟ್ಟಿತು, ಸಾಲ ಬೆಳೆಯಿತು. ಮಗಳು ಓದಲು ಹೊರಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಅಣ್ಣ ಯೋಹಾನ್ ಸಾಲದ ವ್ಯವಸ್ಥೆಗೆ ನೆರವಾದ. ಸೆಲ್ಮಾ 1881ರಲ್ಲಿ ಸ್ಟಾಕ್‌ಹೋಮಿಗೆ ಹೋದರು. ಮಾರನೆಯ ವರ್ಷ ಶಿಕ್ಷಕಿಯರ ತರಬೇತಿ ಕಾಲೇಜು ಸೇರಿ 1885ರಲ್ಲಿ ಮುಗಿಸಿದರು. ಅದೇ ವರ್ಷ ತಂದೆ ತೀರಿಕೊಂಡರು. ಕೆಲವು ವರ್ಷಗಳಲ್ಲೇ ಮೋರ್‌ಬಾಕಾ ಕೂಡ ಕೈಬಿಟ್ಟುಹೋಯಿತು. ಹುಟ್ಟಿದ ಮನೆ ಮಾರಿಹೋಗುವ ಸಂಕಟ ಏನೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರುವುದೇ.

1885ರಿಂದ ಹತ್ತು ವರ್ಷ ಅವರು ದಕ್ಷಿಣದ ಲಾಂಡ್ಸ್‌ಕ್ರೂನಾ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದರು. ಹಗಲೆಲ್ಲ ಪಾಠ, ರಾತ್ರಿ ಬರವಣಿಗೆ. ತಲೆಯಲ್ಲಿದ್ದದ್ದು ವೆರ್ಮ್‌ಲಂಡಿನ ಹಳೆಯ ಕಥೆಗಳು. 1890ರಲ್ಲಿ 'ಇದುನ್' ಎಂಬ ಪತ್ರಿಕೆ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಸೆಲ್ಮಾ ಐದು ಅಧ್ಯಾಯಗಳನ್ನು ಕಳಿಸಿದರು, ಬಹುಮಾನ ಬಂತು! ಆದರೆ ಕಾದಂಬರಿ ಮುಗಿಸಲು ಬಿಡುವೆಲ್ಲಿ? ಆಗ ಕೈಹಿಡಿದವರು ಮಹಿಳೆಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಸೋಫೀ ಆಡ್ಲರ್‌ಸ್ಪಾರೆ. ಅವರು ನೆಂಟರಲ್ಲ, ಊರಿನವರೂ ಅಲ್ಲ. ಈ ಬಡ ಟೀಚರ್‌ನ ಪದ್ಯಗಳನ್ನು ಮೊದಲು ಮೆಚ್ಚಿ ತಮ್ಮ ಪತ್ರಿಕೆಯಲ್ಲಿ ಹಾಕಿದವರೂ ಅವರೇ. ಶಾಲೆಗೆ ರಜೆ ಹಾಕಿ ಬರೆಯಲು ಅವರು ಹಣದ ಏರ್ಪಾಡು ಮಾಡಿಕೊಟ್ಟರು. ಹಾಗೆ 1891ರಲ್ಲಿ ಬಂದ ಕಾದಂಬರಿಯೇ 'ಯೋಸ್ತಾ ಬೆರ್ಲಿಂಗ್ ಸಾಗಾ'.

ಅದರ ನಾಯಕ ಯಾರು ಗೊತ್ತೇ? ಕುಡಿದು ಕೆಟ್ಟು ಕೆಲಸ ಕಳೆದುಕೊಂಡ ಒಬ್ಬ ಯುವಕ ಪಾದ್ರಿ. ಪುಟ್ಟ ಹುಡುಗಿಯೊಬ್ಬಳು ನಂಬಿ ಒಪ್ಪಿಸಿದ ಹಿಟ್ಟಿನ ಮೂಟೆಯನ್ನೂ ಸ್ಲೆಡ್ಜ್ ಗಾಡಿಯನ್ನೂ ಕುಡಿತಕ್ಕೆ ಕಳೆದವನು. ನಾಚಿಕೆಯಿಂದ ಹಿಮದಲ್ಲಿ ಬಿದ್ದು ಸಾಯಲು ಕಾದವನನ್ನು ಎಕೆಬಿ ಎಂಬ ದೊಡ್ಡ ಮನೆಯ ಯಜಮಾನಿ ಬದುಕಿಗೆ ಎಳೆದು ತರುತ್ತಾಳೆ. ಊರೆಲ್ಲ ಕೈಬಿಟ್ಟವನಿಗೆ ಇರಲು ಒಂದು ಸೂರು ಕೊಡುತ್ತಾಳೆ. ಸ್ವೀಡನ್ನಿನ ವಿಮರ್ಶಕರು ಮೊದಮೊದಲು ಮೂಗು ಮುರಿದರು. 1893ರಲ್ಲಿ ಡೆನ್ಮಾರ್ಕಿನ ಪ್ರಸಿದ್ಧ ವಿಮರ್ಶಕ ಗೇಯಾರ್ಗ್ ಬ್ರಾಂಡೆಸ್ ಮೆಚ್ಚಿ ಬರೆದ ಮೇಲೆ ಗಾಳಿ ತಿರುಗಿತು. 1895ರಲ್ಲಿ ರಾಜಮನೆತನ ಮತ್ತು ಸ್ವೀಡಿಷ್ ಅಕಾಡೆಮಿಯ ನೆರವು ದೊರೆತು ಸೆಲ್ಮಾ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿದರು.

1902ರಲ್ಲಿ ಶಿಕ್ಷಕರ ಸಂಘದವರು ಬಂದು ಶಾಲೆಯ ಮಕ್ಕಳಿಗೆ ದೇಶದ ಭೂಗೋಳ ಕಲಿಸುವ ಓದುಪುಸ್ತಕವೊಂದನ್ನು ಬರೆದುಕೊಡಿ ಎಂದು ಕೇಳಿದರು. ನದಿ, ಬೆಟ್ಟ, ಗಣಿ, ಬೆಳೆ ಎಂದು ಪಟ್ಟಿ ಮಾಡಿದರೆ ಯಾವ ಮಗು ಓದೀತು? ಸೆಲ್ಮಾ ವರ್ಷಗಟ್ಟಲೆ ದೇಶ ಸುತ್ತಿ ಮಾಹಿತಿ ಕೂಡಿಹಾಕಿದರು. ಕೊನೆಗೆ 1906 ಮತ್ತು 1907ರಲ್ಲಿ ಎರಡು ಭಾಗಗಳಲ್ಲಿ 'ನಿಲ್ಸ್ ಹೋಲ್ಗರ್ಸನ್' ಕಥೆ ಬಂತು. ಅಲ್ಲಿಯೂ ನಾಯಕ ಒಳ್ಳೆಯ ಹುಡುಗನೇನಲ್ಲ! ಸ್ಕೋನೆ ಪ್ರಾಂತದ ಹದಿನಾಲ್ಕು ವರ್ಷದ ಸೋಮಾರಿ, ಒರಟ, ಕೊಟ್ಟಿಗೆಯ ದನಕರುಗಳಿಗೆಲ್ಲ ಹಿಂಸೆ ಕೊಡುವವನು. ಹೆತ್ತವರಿಗೇ ಇವನಿಂದ ಕಣ್ಣೀರು. ಮನೆ ಕಾಯುವ ಕುಳ್ಳ ದೇವತೆಯನ್ನು ಕೆಣಕಿ ತಾನೇ ಗೇಣುದ್ದದವನಾಗುತ್ತಾನೆ. ಮನೆಯ ಗಂಡು ಹೆಬ್ಬಾತು ಮೋರ್ಟೆನ್‌ನ ಬೆನ್ನೇರಿ, ಅಕ್ಕಾ ಎಂಬ ಮುದಿ ನಾಯಕಿಯ ಕಾಡು ಹೆಬ್ಬಾತುಗಳ ಹಿಂಡಿನೊಡನೆ ದೇಶವೆಲ್ಲ ಹಾರುತ್ತಾನೆ. (ಅಕ್ಕಾ ಎಂಬ ಹೆಸರು ಕೇಳಿ ನಮ್ಮ ಮಗಳಿಗೆ ಅದು ಕನ್ನಡದ ಹಕ್ಕಿ ಎಂದೇ ನಂಬಿಕೆ!)

ಹಾಗೆ ಹಾರುತ್ತಾ ನಿಲ್ಸ್ ಒಂದು ರಾತ್ರಿ ನಮ್ಮ ಕಾರ್ಲ್‌ಸ್ಕ್ರೂನಾಕ್ಕೆ ಬರುತ್ತಾನೆ. ಚೌಕದಲ್ಲಿ ನಿಂತ ರಾಜನ ಕಂಚಿನ ಪ್ರತಿಮೆಯನ್ನು ಕಂಡು ಹಳೆಯ ಚಾಳಿ ಬಿಡದೆ ಗೇಲಿ ಮಾಡುತ್ತಾನೆ. ಪ್ರತಿಮೆ ಪೀಠದಿಂದ ಇಳಿದು ಧಡ್ ಧಡ್ ಎಂದು ಅಟ್ಟಿಸಿಕೊಂಡು ಬರುತ್ತದೆ. ಓಡಿ ಓಡಿ ದಿಕ್ಕು ತಪ್ಪಿದ ಹುಡುಗ ಇಗರ್ಜಿಯ ಬಳಿ ಮರದ ರೂಸೆನ್‌ಬೂಮ್‌ನನ್ನು ಕಾಣುತ್ತಾನೆ. ಆ ಮುದುಕ ಹುಡುಗನನ್ನು ಎತ್ತಿ ತನ್ನ ಟೋಪಿಯ ಕೆಳಗೆ ಅಡಗಿಸಿಡುತ್ತಾನೆ. ನೀನು ಯಾರ ಮಗ, ಏನು ತಪ್ಪು ಮಾಡಿ ಬಂದೆ ಎಂಬ ವಿಚಾರಣೆಯಿಲ್ಲ. ರಾಜ ಬಂದು ಕೇಳಿದರೂ ಬಿಟ್ಟುಕೊಡುವುದಿಲ್ಲ. ರಾಜನ ಹಿಂದೆಯೇ ಹಡಗುಕಟ್ಟೆಯೆಲ್ಲ ತಿರುಗುತ್ತಾನೆ, ತಲೆಯ ಮೇಲೆ ಹುಡುಗ! ಟೋಪಿಯ ಬಿರುಕಿನಿಂದ ಹುಡುಗ ಹಳೆಯ ಹಡಗುಗಳ ವೈಭವವನ್ನು ನೋಡುತ್ತಾನೆ, ಅವನ್ನು ಕಟ್ಟಿದವರ, ಅವುಗಳಲ್ಲಿ ಮಡಿದವರ ಬವಣೆಯನ್ನು ಯೋಚಿಸುತ್ತಾನೆ. ಅವರಿಗೆ ಗೌರವವಾಗಿ ಟೋಪಿ ತೆಗೆಯಲು ರಾಜ ಹೇಳಿದಾಗ ರೂಸೆನ್‌ಬೂಮ್ ಟೋಪಿ ತೆಗೆಯುತ್ತಾನೆ. ತಾನು ಸಿಕ್ಕಿಬೀಳುತ್ತೇನೆಂಬುದನ್ನೂ ಮರೆತು ಹುಡುಗ ತನ್ನ ಪುಟ್ಟ ಟೋಪಿಯನ್ನೂ ತೆಗೆದು ಜಯಕಾರ ಹಾಕುತ್ತಾನೆ. ಗೇಲಿ ಮಾಡಿದ ಬಾಯಿಂದಲೇ ಜಯಕಾರ! ಅವನ ಮನಸ್ಸು ತಿರುಗಿದ್ದು ಅಟ್ಟಿಸಿಕೊಂಡು ಬಂದ ರಾಜನ ಭಯದಿಂದಲ್ಲ. ಕೈಯಲ್ಲಿ ಏನೂ ಇಲ್ಲದ ಭಿಕ್ಷುಕನೊಬ್ಬ ಕೊಟ್ಟ ಆಸರೆಯಿಂದ.

ಕಥೆಯ ಕೊನೆಯಲ್ಲಿ ಈ ಹುಡುಗನೇ ತನ್ನ ಹೆಬ್ಬಾತನ್ನು ಕತ್ತಿಯಿಂದ ಉಳಿಸಲು, ಗೇಣುದ್ದದ ರೂಪದ ನಾಚಿಕೆಯನ್ನು ಬಿಟ್ಟು ಹೆತ್ತವರ ಮುಂದೆ ಓಡಿಬರುತ್ತಾನೆ. ಆ ಕ್ಷಣವೇ ಮನುಷ್ಯನಾಗುತ್ತಾನೆ. ಬೇಡನು ವಾಲ್ಮೀಕಿಯಾದ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ, ಅಲ್ಲವೇ?

ಇದೇ ಪುಸ್ತಕದಲ್ಲಿ ಸೆಲ್ಮಾ ತಮ್ಮನ್ನೂ ಒಂದು ಪಾತ್ರವಾಗಿ ತಂದಿದ್ದಾರೆ. ಪುಸ್ತಕ ಬರೆಯುವ ದಾರಿ ಕಾಣದ ಲೇಖಕಿಯೊಬ್ಬಳು ಕೈಬಿಟ್ಟುಹೋದ ತನ್ನ ಹಳೆಯ ಮನೆಯನ್ನು ನೋಡಲು ಬರುತ್ತಾಳೆ. ಅಲ್ಲಿ ಗೂಬೆಯ ಬಾಯಿಗೆ ಸಿಕ್ಕಿದ್ದ ನಿಲ್ಸ್‌ನನ್ನು ಬಿಡಿಸುತ್ತಾಳೆ. ಅವನು ತನ್ನ ಕಥೆ ಹೇಳುತ್ತಾನೆ, ಅವಳಿಗೆ ಪುಸ್ತಕ ಸಿಗುತ್ತದೆ. ಕಾಪಾಡಿದವರು ಯಾರು, ಕಾಪಾಡಿಸಿಕೊಂಡವರು ಯಾರು ಎಂದು ಹೇಳುವುದೇ ಕಷ್ಟ! ನಿಜಜೀವನದಲ್ಲೂ ಹೀಗೆಯೇ ಒಂದು ನಡೆಯಿತು. ಪುಸ್ತಕ ಬಂದ ಮೇಲೆ ನಿಲ್ಸ್ ಹೋಲ್ಗರ್ಸನ್ ಎಂಬ ಅದೇ ಹೆಸರಿನ ಬಡ ಹುಡುಗನೊಬ್ಬ ಅವರ ಗಮನಕ್ಕೆ ಬಂದ. ಮದುವೆಯಾಗದ ಸೆಲ್ಮಾ ಅವನನ್ನು ಸಾಕುಮಗನಾಗಿ ಬೆಳೆಸಿದರು. ಅವನು ದೊಡ್ಡವನಾಗಿ ಅಮೆರಿಕಾಗೆ ಹೋಗಿ ನೆಲೆಸಿದ.

1907ರಲ್ಲಿ ಅವರು ಮೋರ್‌ಬಾಕಾದ ಮನೆಯನ್ನು ಮರಳಿ ಕೊಂಡರು. 1909ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಪ್ರಶಸ್ತಿಯ ಹಣದಿಂದ ಮುಂದಿನ ವರ್ಷ ಹೊಲಗದ್ದೆಗಳೂ ಮರಳಿ ಬಂದವು. ಪ್ರಶಸ್ತಿ ಸಮಾರಂಭದಲ್ಲಿ ಅವರು ಮಾಡಿದ ಭಾಷಣ ನನಗೆ ಬಹಳ ಹಿಡಿಸಿತು. ತಾವು ಸ್ವರ್ಗದಲ್ಲಿರುವ ತಂದೆಯನ್ನು ಕಾಣಲು ಹೋದಂತೆ ಒಂದು ಕಥೆ ಕಟ್ಟಿ ಹೇಳಿದರು. ತೀರಿಸಲಾಗದ ಸಾಲ ತಲೆಯ ಮೇಲಿದೆ, ಏನು ಮಾಡಲಿ ಎಂದು ಮಗಳು ತಂದೆಯ ಸಲಹೆ ಕೇಳುತ್ತಾಳೆ. ಯಾರ ಸಾಲ? ಮುರುಕು ಗಾಡಿಗಳಲ್ಲಿ ಊರೂರು ಅಲೆಯುತ್ತಾ ಹಾಡಿ, ಇಸ್ಪೀಟಾಡಿ ದಿನ ಕಳೆದ, ಮನೆಮಠವಿಲ್ಲದವರ ಸಾಲ. ಕಾಡಂಚಿನ ಗುಡಿಸಲುಗಳಲ್ಲಿ ಕಥೆ ಹೇಳಿದ ಮುದುಕಿಯರ ಸಾಲ. ಓದಿದವರ, ಮೆಚ್ಚಿದವರ ಸಾಲ. ಜನ ಪುಂಡರು, ಉಡಾಳರು ಎಂದು ಪಕ್ಕಕ್ಕೆ ಸರಿಸಿದವರಿಂದ ತಾನು ಪಡೆದೆ ಎಂದು ರಾಜರ ಎದುರೇ ಹೇಳಿದರು. ನಾವು ಋಣ ಎನ್ನುತ್ತೇವಲ್ಲ, ಅದೇ ಇದು.

1914ರಲ್ಲಿ ಅವರು ಸ್ವೀಡಿಷ್ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆಯಾದರು. ಕೊನೆಗಾಲದಲ್ಲೂ ಋಣ ತೀರಿಸುತ್ತಲೇ ಇದ್ದರು. ಫಿನ್ಲೆಂಡಿನ ಮೇಲೆ ಯುದ್ಧ ಬಂದಾಗ ಸಹಾಯನಿಧಿಗೆ ತಮ್ಮ ನೊಬೆಲ್ ಚಿನ್ನದ ಪದಕವನ್ನೇ ಕಳಿಸಿದರು. ಜರ್ಮನಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಯಹೂದಿ ಕವಯಿತ್ರಿ ನೆಲ್ಲಿ ಸಾಕ್ಸ್ ಅವರಿಗೆ ಪತ್ರದ ಮೂಲಕ ಪರಿಚಯ. ಆಕೆಯನ್ನು ಸ್ವೀಡನ್ನಿಗೆ ಕರೆಸಿಕೊಳ್ಳಲು ಸೆಲ್ಮಾ ಶಿಫಾರಸು ಮಾಡಿದರು. 1940ರ ಮೇ ತಿಂಗಳಲ್ಲಿ ನೆಲ್ಲಿ ತಾಯಿಯೊಡನೆ ಸ್ಟಾಕ್‌ಹೋಮ್ ಸೇರಿದಾಗ ಸೆಲ್ಮಾ ಇರಲಿಲ್ಲ. ಅದೇ ಮಾರ್ಚ್ 16ರಂದು ತಮ್ಮ ಮೋರ್‌ಬಾಕಾದಲ್ಲೇ ತೀರಿಕೊಂಡಿದ್ದರು. ಹಾಗೆ ಉಳಿದ ನೆಲ್ಲಿ ಸಾಕ್ಸ್ 1966ರಲ್ಲಿ ತಾವೂ ನೊಬೆಲ್ ಪಡೆದರು.

ಅಮ್ಮ ಊರಿಗೆ ಹೊರಡುವ ಮುನ್ನ ಅವರನ್ನು ರೂಸೆನ್‌ಬೂಮ್ ಬಳಿಗೆ ಕರೆದುಕೊಂಡು ಹೋಗಿದ್ದೆ. ಕಥೆ ಪೂರ್ತಿ ಕೇಳಿ, ಪರ್ಸಿನಿಂದ ಒಂದು ನಾಣ್ಯ ತೆಗೆದು, ಮೊಮ್ಮಗಳ ಕೈಯಿಂದ ಟೋಪಿಯೊಳಗೆ ಹಾಕಿಸಿದರು. ಬರುವಾಗ ಚೌಕದಲ್ಲಿ ಅದೇ ಹುಡುಗರು, ಅದೇ ಜೋರು ಹಾಡು. ಈ ಸಲ ನಾನು ರಸ್ತೆ ದಾಟಲಿಲ್ಲ. ಅಮ್ಮ ಕೈ ಮುಗಿದರು. ಜಾಕೆಟ್ ಹೊದಿಸಿದ್ದ ಹುಡುಗ ಹಾಡು ನಿಲ್ಲಿಸಿ, ತಲೆಯ ಮೇಲಿದ್ದ ಉಣ್ಣೆಯ ಟೋಪಿ ತೆಗೆದು, ಅಮ್ಮನ ಹಾಗೆಯೇ ಕೈ ಮುಗಿದ.

ನೀವೂ ಯಾವಾಗಲಾದರೂ ಕಾರ್ಲ್‌ಸ್ಕ್ರೂನಾಕ್ಕೆ ಬಂದರೆ ರೂಸೆನ್‌ಬೂಮ್‌ನನ್ನು ನೋಡಲು ಮರೆಯಬೇಡಿ. ಟೋಪಿ ಎತ್ತುವಾಗ ಸ್ವಲ್ಪ ಮೆಲ್ಲಗೆ ಎತ್ತಿ, ಕೆಳಗೆ ಯಾವ ಹುಡುಗ ಅಡಗಿದ್ದಾನೋ!