ಹಾರ್ಮೋನಿಗೆ ಹೆಸರಿಟ್ಟ ಸ್ಟಾರ್ಲಿಂಗರು

ಖರಾಡಿಯ ಕಚೇರಿ ಕಟ್ಟಡಗಳ ಬಳಿಯ ಹೋಟೆಲೊಂದರಲ್ಲಿ ಸಪ್ಲಾಯರ್ ಆಗಿರುವ ತರುಣನೊಬ್ಬನು ಕಳೆದ ತಿಂಗಳು ನಮ್ಮನ್ನು ಕಾಣಲು ಬಂದಿದ್ದನು. ತಂಗಿಯ ಮದುವೆಗೆಂದು ಕೂಡಿಸಿಟ್ಟಿದ್ದ ಹಣವನ್ನೆಲ್ಲ ಅವನು ಮೊಬೈಲಿನ ಮೂಲಕ ಷೇರುಪೇಟೆಯ ಆಪ್ಷನ್ ವ್ಯಾಪಾರದಲ್ಲಿ ತೊಡಗಿಸಿ ಕಳೆದುಕೊಂಡಿದ್ದನು. ಮೊದಲ ವಾರ ಲಾಭವೇ ಬಂದಿತ್ತಂತೆ. ಲಾಭ ಬಂದಂದಿನಿಂದ ನಿದ್ರೆ ಕಡಿಮೆಯಾಯಿತು, ಧೈರ್ಯ ಹೆಚ್ಚಾಯಿತು, ಪಣವೂ ದೊಡ್ಡದಾಯಿತು. ಕುಡಿತದ ಚಟವಿಲ್ಲದ ತಾನು ಆ ದಿನಗಳಲ್ಲಿ ಕುಡಿದವನಂತೆಯೇ ಇದ್ದೆನೆಂದು ಹೇಳಿಕೊಂಡು ಅತ್ತನು.

ಅವನನ್ನು ಗದರಿಸಿ ಕಳುಹಿಸುವುದು ಸುಲಭವಾಗಿತ್ತು. ಆದರೆ ಹಲವು ವರ್ಷ ಗಲ್ಲಾದ ಹಿಂದೆ ಕುಳಿತ ನಮಗೂ ಆ ಅಮಲು ಅಪರಿಚಿತವಲ್ಲ. ಕುಡಿಯದೆಯೇ ಏರುವ ಈ ಅಮಲು ಎಲ್ಲಿಂದ ಬರುವುದೆಂದು ವಿಚಾರಿಸಹೊರಟಾಗ ನಮಗೆ ದೊರೆತುದು ಒಬ್ಬ ವಿಜ್ಞಾನಿಯ ಜೀವನಚರಿತ್ರೆ. ಅದನ್ನೇ ಇಂದು ವಾಚಕರ ಮುಂದಿಡುತ್ತೇವೆ.

ಅರ್ನೆಸ್ಟ್ ಹೆನ್ರಿ ಸ್ಟಾರ್ಲಿಂಗರು 1866ರ ಏಪ್ರಿಲ್ 17ರಂದು ಲಂಡನ್ನಿನಲ್ಲಿ ಜನಿಸಿದರು. ಅವರ ತಂದೆ ಬ್ಯಾರಿಸ್ಟರ್. ಉದ್ಯೋಗ ಮಾತ್ರ ನಮ್ಮ ಮುಂಬಯಿಯಲ್ಲಿ. ಅಲ್ಲಿ ಅವರದು ಕ್ಲರ್ಕ್ ಆಫ್ ದಿ ಕ್ರೌನ್ ಎಂಬ ನ್ಯಾಯಾಲಯದ ಹುದ್ದೆ. ಹೆಂಡತಿ ಮಕ್ಕಳು ಲಂಡನ್ನಿನಲ್ಲಿ, ಸಂಬಳ ಮುಂಬಯಿಯಲ್ಲಿ. ಸುಮಾರು ಮೂರು ವರ್ಷಕ್ಕೊಮ್ಮೆ ಮಾತ್ರ ತಂದೆ ಮನೆಗೆ ಬರುತ್ತಿದ್ದರು. ಮಕ್ಕಳನ್ನು ಸಾಕಿ ಬೆಳೆಸಿದ ಭಾರವೆಲ್ಲ ತಾಯಿಯದು. ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿ ಬಂದು, ವರ್ಷಕ್ಕೊಮ್ಮೆ ರಜೆಯಲ್ಲಿ ಊರಿನ ಬಸ್ಸು ಹತ್ತುವ ನಮ್ಮ ವಾಚಕರಿಗೆ ಆ ಮನೆಯ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಬಂದುದು ನಮ್ಮೂರುಗಳಿಂದ, ಸ್ಟಾರ್ಲಿಂಗರ ತಂದೆ ಬಂದುದು ಕಡಲಾಚೆಯಿಂದ, ವ್ಯತ್ಯಾಸ ಅಷ್ಟೆ.

ಬಾಲಕನು ಕಿಂಗ್ಸ್ ಕಾಲೇಜ್ ಸ್ಕೂಲಿನಲ್ಲಿ ಓದಿ, ಬಳಿಕ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣಕ್ಕೆ ಸೇರಿದನು. ರೋಗಿಗೆ ಔಷಧ ಕೊಡುವುದಕ್ಕಿಂತ, ದೇಹವೆಂಬ ಯಂತ್ರವು ಹೇಗೆ ನಡೆಯುವುದೆಂಬ ಪ್ರಶ್ನೆಯೇ ಅವರನ್ನು ಹೆಚ್ಚು ಸೆಳೆಯಿತು. 1899ರಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿ ಅವರ ಜತೆಗಾರರು ವಿಲಿಯಂ ಬೇಲಿಸರು. ಇವರು 1893ರಲ್ಲಿ ಸ್ಟಾರ್ಲಿಂಗರ ಸೋದರಿಯನ್ನು ವಿವಾಹವಾಗಿದ್ದರು. ಸ್ಟಾರ್ಲಿಂಗರು ದುಡುಕಿನ ಸ್ವಭಾವದವರು, ಮನಸ್ಸಿನಲ್ಲಿದ್ದುದನ್ನು ಮುಖಕ್ಕೆ ಹೇಳುವವರು. ಬೇಲಿಸರು ಶಾಂತರು, ನಿಧಾನಿಗಳು. ಒಬ್ಬರ ಬಿಸಿ ಮತ್ತೊಬ್ಬರ ತಂಪು ಕೂಡಿ ಕೆಲಸ ಚೆನ್ನಾಗಿ ನಡೆಯಿತು.

ಆ ಕಾಲದಲ್ಲಿ ದೇಹದೊಳಗಿನ ಸುದ್ದಿ ಸಾಗಾಟವೆಲ್ಲ ನರಗಳ ಮೂಲಕವೇ ಎಂದು ಪಂಡಿತರು ನಂಬಿದ್ದರು. ಜಠರದ ಹುಳಿರಸ ಬೆರೆತ ಆಹಾರವು ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿಯು ಜೀರ್ಣರಸವನ್ನು ಸುರಿಸುವುದಷ್ಟೆ. ಆಹಾರ ಬಂದಿತೆಂದು ಆ ಗ್ರಂಥಿಗೆ ತಿಳಿಸುವವರು ಯಾರು? ನರಗಳೇ ಎಂಬುದು ರಷ್ಯಾದ ಮಹಾವಿಜ್ಞಾನಿ ಪಾವ್ಲೋವರ ಪಕ್ಷವಾಗಿತ್ತು. 1902ರ ಜನವರಿ 16ರಂದು ಸ್ಟಾರ್ಲಿಂಗ್ ಮತ್ತು ಬೇಲಿಸರು, ಅರಿವಳಿಕೆ ಕೊಟ್ಟ ನಾಯಿಯೊಂದರಲ್ಲಿ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಆ ತುಂಡಿನೊಳಗೆ ಆಮ್ಲವನ್ನು ಬಿಟ್ಟು ನೋಡಿದರು. ನರವಿಲ್ಲದಿದ್ದರೂ ಗ್ರಂಥಿಯಿಂದ ರಸ ಹರಿಯಿತು. ಆ ಕೂಡಲೇ ಸ್ಟಾರ್ಲಿಂಗರು ಕರುಳಿನ ಒಳಪೊರೆಯನ್ನು ಕೆರೆದು ತೆಗೆದು, ಮರಳು ಮತ್ತು ಆಮ್ಲದೊಡನೆ ಅರೆದು, ಸೋಸಿ, ಆ ದ್ರವವನ್ನು ನಾಯಿಯ ರಕ್ತನಾಳಕ್ಕೆ ಸೇರಿಸಿದರು. ಸ್ವಲ್ಪ ಹೊತ್ತಿನಲ್ಲೇ ರಸ ಮತ್ತೆ ಹರಿಯಿತು. ಸುದ್ದಿಯು ರಕ್ತದ ಮೂಲಕ ಹೋಗಿತ್ತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಾಯಿತು. ಪಾವ್ಲೋವರ ಪ್ರಯೋಗಶಾಲೆಯಲ್ಲಿಯೂ ಇದನ್ನು ಮಾಡಿ ನೋಡಿದರು; ಅವರೂ ಒಪ್ಪಿಕೊಂಡರು.

ಇದನ್ನು ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮೇಜಿನ ಬಳಿ ನಿಂತ ಮಾಣಿಯು ಒಳಗಿನ ಭಟ್ಟರಿಗೆ ಎರಡು ಮಸಾಲೆ ಎಂದು ಕೂಗಿ ಹೇಳುವುದು ನರದ ಕೆಲಸ, ಕ್ಷಣದಲ್ಲಿ ಮುಟ್ಟುವುದು, ಕ್ಷಣದಲ್ಲಿ ಮುಗಿಯುವುದು. ಚೀಟಿ ಬರೆದು ಒಳಗೆ ಕಳುಹಿಸುವುದು ರಕ್ತದ ಕೆಲಸ. ಚೀಟಿ ಎಲ್ಲರ ಕೈಯನ್ನೂ ದಾಟಿ ಹೋಗುವುದು, ಆದರೆ ಅದರಂತೆ ನಡೆಯುವವನು ಅದನ್ನು ಓದಬಲ್ಲವನು ಮಾತ್ರ. ಕೂಗು ನಿಂತ ಮೇಲೂ ಚೀಟಿ ಗೋಡೆಯ ಮೊಳೆಯಲ್ಲಿ ಬಹಳ ಹೊತ್ತು ಇರುವುದು.

ಇಂತಹ ಚೀಟಿಗಳು ಅನೇಕವಿರಬೇಕೆಂದು ಸ್ಟಾರ್ಲಿಂಗರು ಊಹಿಸಿದರು. 1905ರಲ್ಲಿ ಲಂಡನ್ನಿನ ವೈದ್ಯರ ರಾಜ ಕಾಲೇಜಿನಲ್ಲಿ ನೀಡಿದ ಉಪನ್ಯಾಸಮಾಲೆಯಲ್ಲಿ ಅವುಗಳಿಗೆಲ್ಲ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದರು. ಕೆರಳಿಸು, ಪ್ರೇರಿಸು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಪದವದು.

ಅವರ ಕೀರ್ತಿಯೊಡನೆ ಅಪವಾದವೂ ಬಂದಿತು. 1903ರಲ್ಲಿ ಬೇಲಿಸರು ವಿದ್ಯಾರ್ಥಿಗಳ ಮುಂದೆ ಕಂದು ನಾಯಿಯೊಂದರ ಮೇಲೆ ಪ್ರಯೋಗ ಮಾಡಿದಾಗ ಅದಕ್ಕೆ ಸಾಕಷ್ಟು ಅರಿವಳಿಕೆ ಕೊಟ್ಟಿರಲಿಲ್ಲವೆಂಬ ಆರೋಪ ಎದ್ದಿತು. ಬೇಲಿಸರು ಮಾನನಷ್ಟದ ದಾವೆ ಹೂಡಿ 2,000 ಪೌಂಡುಗಳ ಪರಿಹಾರವನ್ನು ಗೆದ್ದರು. ಆದರೆ ಜನರ ಮನಸ್ಸು ತಣಿಯಲಿಲ್ಲ. 1906ರಲ್ಲಿ ಲಂಡನ್ನಿನ ಬ್ಯಾಟರ್ಸಿಯಲ್ಲಿ ಆ ನಾಯಿಯ ಪ್ರತಿಮೆಯನ್ನೇ ನಿಲ್ಲಿಸಿದರು. ಅದರ ಸುತ್ತ ಗಲಭೆಗಳಾದವು. 1910ರಲ್ಲಿ ಅದನ್ನು ತೆಗೆಯಬೇಕಾಯಿತು. ಮೂಕಪ್ರಾಣಿಗಳ ಋಣವು ಈ ಜ್ಞಾನದ ಮೇಲಿದೆ ಎಂಬುದನ್ನು ನಾವು ಮರೆಯಬಾರದು.

ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಟಾರ್ಲಿಂಗರು ವಿಷಾನಿಲದಿಂದ ಸಿಪಾಯಿಗಳನ್ನು ಕಾಪಾಡುವ ಸಂಶೋಧನೆಯಲ್ಲಿ ತೊಡಗಿದರು. ಬಳಿಕ ರಾಯಲ್ ಸೊಸೈಟಿಯ ಆಹಾರ ಸಮಿತಿಯ ನೇತೃತ್ವ ವಹಿಸಿ ಸರಕಾರಕ್ಕೆ ಸಲಹೆಗಾರರಾದರು. ಮೈಮುರಿದು ದುಡಿಯುವವನಿಗೂ ಕುಳಿತು ಬರೆಯುವವನಿಗೂ ಬೇಕಾಗುವ ಆಹಾರ ಒಂದೇ ಅಳತೆಯದಲ್ಲ. ಆದುದರಿಂದ ಬಡವನ ಹೊಟ್ಟೆ ತುಂಬಿಸುವ ಬ್ರೆಡ್ಡಿಗೆ ರೇಷನ್ ಹಾಕಬಾರದೆಂಬುದು ವಿಜ್ಞಾನಿಗಳ ಸಲಹೆಯಾಗಿತ್ತು. ಆ ಯುದ್ಧದುದ್ದಕ್ಕೂ ಬ್ರಿಟನ್ನಿನಲ್ಲಿ ಬ್ರೆಡ್ಡಿಗೆ ರೇಷನ್ ಬರಲಿಲ್ಲ. ಯುದ್ಧ ಮುಗಿದೊಡನೆ, 1919ರಲ್ಲಿ, ಅವರು ಸೋತ ಜರ್ಮನಿಗೆ ಹೋಗಿ ಅಲ್ಲಿಯ ಜನರ ಹಸಿವನ್ನು ಕಂಡು ವರದಿ ಬರೆದರು.

ಸ್ಟಾರ್ಲಿಂಗರು ಕಂಡುದು ಜೀರ್ಣರಸದ ಹಾರ್ಮೋನನ್ನು. ಹಾರ್ಮೋನು ನಡತೆಯನ್ನೂ ಬದಲಿಸಬಲ್ಲುದೇ? ಅವರ ಜನನಕ್ಕಿಂತ ಮೊದಲೇ, 1849ರಲ್ಲಿ, ಜರ್ಮನಿಯ ಬೆರ್ಟೋಲ್ಡರು ಬೀಜ ತೆಗೆದ ಹುಂಜಗಳು ಕೂಗುವುದನ್ನೂ ಕಾದಾಡುವುದನ್ನೂ ಬಿಡುವುದನ್ನು ಕಂಡಿದ್ದರು. ಬೀಜವನ್ನು ಹೊಟ್ಟೆಯೊಳಗೆ ಮತ್ತೆ ಇಟ್ಟಾಗ ಅವು ಪುನಃ ಹುಂಜಗಳಂತೆಯೇ ನಡೆದುಕೊಂಡವು. ಕೋಳಿ ಅಂಕ ನೋಡಿ ಬೆಳೆದ ಕರಾವಳಿಯ ವಾಚಕರಿಗೆ ಇದರ ಅರ್ಥ ಬೇಗನೆ ಹೊಳೆದೀತು. ಮುಂದೆ ಅಂತಹ ಬೀಜರಸದ ಸಾರವನ್ನು ಬೇರ್ಪಡಿಸಿ ಟೆಸ್ಟೋಸ್ಟೆರೋನ್ ಎಂದು ಕರೆದರು.

2008ರಲ್ಲಿ ಲಂಡನ್ನಿನ ಹಣದ ಪೇಟೆಯಲ್ಲಿ ಹದಿನೇಳು ಮಂದಿ ವ್ಯಾಪಾರಿಗಳ ಎಂಜಲನ್ನು ದಿನಕ್ಕೆರಡು ಬಾರಿ ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ಬೆಳಗ್ಗೆ ಟೆಸ್ಟೋಸ್ಟೆರೋನ್ ಹೆಚ್ಚಿದ್ದ ದಿನಗಳಲ್ಲಿ ಅವರಿಗೆ ಲಾಭವೂ ಹೆಚ್ಚಾಗಿತ್ತು. ಪೇಟೆ ಏರುಪೇರಾದಂತೆ ಕಳವಳದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತಿತ್ತು. 2014ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಎಂಟು ದಿನ ಕಾರ್ಟಿಸಾಲನ್ನು ಏರಿಸಿ ಇಟ್ಟವರು ಹಣದ ಆಟದಲ್ಲಿ ಅಂಜುಬುರುಕರಾದರು. ಗೆಲುವು ಧೈರ್ಯವನ್ನು ಮಿತಿಮೀರಿಸುವುದು, ದೀರ್ಘ ಚಿಂತೆ ಇದ್ದ ಧೈರ್ಯವನ್ನೂ ಕುಂದಿಸುವುದು ಎಂದು ಇವುಗಳಿಂದ ಊಹಿಸುವವರಿದ್ದಾರೆ.

ಆದರೆ ಇಲ್ಲಿ ನಾವು ಎಚ್ಚರ ತಪ್ಪಬಾರದು. ಹದಿನೇಳು ಮಂದಿಯಿಂದ ಜಗತ್ತನ್ನು ಅಳೆಯಲಾಗದು. ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮೂಗಿಗೆ ಸಿಂಪಡಿಸಿದರೆ ಜನರು ಅಪರಿಚಿತನನ್ನು ನಂಬಿ ಹಣ ಕೊಡುವರೆಂದು 2005ರಲ್ಲಿ ದೊಡ್ಡ ಸುದ್ದಿಯಾಯಿತು. ಮುಂದೆ ಮಾಡಿ ನೋಡಿದವರಿಗೆ ಆ ಫಲ ಖಚಿತವಾಗಿ ದೊರೆಯಲಿಲ್ಲ. 2010ರ ಇನ್ನೊಂದು ಪ್ರಯೋಗ ನಮಗೆ ಬಹಳ ಹಿಡಿಸಿತು. ಅದರಲ್ಲಿ ಟೆಸ್ಟೋಸ್ಟೆರೋನ್ ಸೇವಿಸಿದ ಸ್ತ್ರೀಯರು ಹಣ ಹಂಚುವಾಗ ಹೆಚ್ಚು ನ್ಯಾಯವಾಗಿ ನಡೆದುಕೊಂಡರು. ತಾವು ಅದನ್ನು ಸೇವಿಸಿದ್ದೇವೆಂದು ಬರಿದೆ ನಂಬಿಕೊಂಡವರು ಮಾತ್ರ ಅನ್ಯಾಯದ ಪಾಲನ್ನು ಮುಂದಿಟ್ಟರು. ದೋಷವನ್ನು ರಸದ ಮೇಲೆ ಹೊರಿಸಿ ತಾನು ಬಚಾವಾಗುವ ಮನುಷ್ಯಬುದ್ಧಿಗೆ ಇದಕ್ಕಿಂತ ಉತ್ತಮ ಕನ್ನಡಿ ಬೇಕೆ? ಹಾರ್ಮೋನು ಮನಸ್ಸಿಗೆ ಒಲವನ್ನು ಹುಟ್ಟಿಸಬಲ್ಲುದು. ರುಜು ಹಾಕುವ ಕೈ ನಮ್ಮದೇ.

ಇದನ್ನು ನಾವು ಅನುಭವದಿಂದಲೇ ಹೇಳುತ್ತೇವೆ. ಒಂದು ವರ್ಷ ನಮ್ಮ ಹೋಟೆಲಿನಲ್ಲಿ ಒಳ್ಳೆಯ ವ್ಯಾಪಾರವಾದಾಗ, ಅದೇ ಹುಮ್ಮಸ್ಸಿನಲ್ಲಿ ಒಂದೇ ವಾರದೊಳಗೆ ಎರಡನೆಯ ಹೋಟೆಲಿಗೆ ಕರಾರು ಮಾಡಿಕೊಂಡೆವು. ಮನೆಯಾಕೆ ಬೇಡವೆಂದಳು, ಹಿರಿಯ ಭಟ್ಟರೂ ಬೇಡವೆಂದರು. ಕೇಳಲಿಲ್ಲ. ಎರಡು ವರ್ಷದಲ್ಲಿ ಅದನ್ನು ಮುಚ್ಚಿದೆವು. ಸಾಲ ಕಾಡುತ್ತಿದ್ದ ಆ ದಿನಗಳಲ್ಲಿ ಒಂದು ಮಧ್ಯಾಹ್ನ, ಹಸಿದ ಹೊಟ್ಟೆಯಲ್ಲಿ, ಲೋಟ ಒಡೆದನೆಂಬ ಕಾರಣಕ್ಕೆ ಹುಡುಗನೊಬ್ಬನನ್ನು ಕೆಲಸದಿಂದ ತೆಗೆದೆವು. ಊಟ ಮಾಡಿ ಎದ್ದಾಗ ಪಶ್ಚಾತ್ತಾಪವಾಯಿತು. ಅಷ್ಟರಲ್ಲಿ ಅವನು ಹೊರಟುಹೋಗಿದ್ದನು. ಆ ಎರಡೂ ತಪ್ಪುಗಳು ನಮ್ಮವೇ, ಯಾವ ಗ್ರಂಥಿಯವೂ ಅಲ್ಲ.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಕ್ಕಿದುದು. ಆ ತರುಣನು ಒಬ್ಬಂಟಿಯಲ್ಲ. ನಾವು ಅವನಿಗೆ ಹೇಳಿದುದು ಇಷ್ಟೆ: ಗೆದ್ದ ದಿನ ಪಣ ಕಟ್ಟಬೇಡ, ಸೋತ ದಿನ ಸಾಲ ಮಾಡಬೇಡ, ಹಸಿದಾಗಲೂ ನಿದ್ರೆಗೆಟ್ಟಾಗಲೂ ಹಣದ ತೀರ್ಮಾನ ಬೇಡ, ದೊಡ್ಡ ಮೊತ್ತವಾದರೆ ಒಂದು ರಾತ್ರಿ ಕಳೆಯಲಿ, ಮನೆಯವರ ಕಿವಿಗೂ ಬೀಳಲಿ. ತಂಗಿಗೆ ಈಗಲೇ ನಿಜವನ್ನು ತಿಳಿಸು. ಅವನು ನಮ್ಮ ಮುಂದೆಯೇ ಮನೆಗೆ ಫೋನು ಮಾಡಿದನು. ಮದುವೆಯನ್ನು ಒಂದು ವರ್ಷ ಮುಂದೂಡಿದ್ದಾರೆ, ಮುರಿದಿಲ್ಲ.

ಸ್ಟಾರ್ಲಿಂಗರಿಗೆ ನೊಬೆಲ್ ಬಹುಮಾನ ದೊರೆಯಲಿಲ್ಲ. 1920ರಲ್ಲಿ ಕರುಳಿನ ಕ್ಯಾನ್ಸರಿಗಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೂ ಅವರು ಕೆಲಸ ಬಿಡಲಿಲ್ಲ. 1927ರ ಮೇ 2ರಂದು, ಆರೋಗ್ಯಕ್ಕಾಗಿ ಕೈಗೊಂಡಿದ್ದ ಸಮುದ್ರಯಾನದಲ್ಲಿ, ಹಡಗು ಜಮೈಕಾದ ಕಿಂಗ್‌ಸ್ಟನ್ ಬಂದರನ್ನು ಸಮೀಪಿಸುತ್ತಿದ್ದಾಗ ತೀರಿಕೊಂಡರು. ಜತೆಯಲ್ಲಿ ಮನೆಯವರು ಯಾರೂ ಇರಲಿಲ್ಲ. ಅಲ್ಲಿಯೇ ಅವರ ಸಮಾಧಿಯಾಯಿತು. ತಂದೆ ಕಡಲಾಚೆ ದುಡಿದರು, ಮಗನು ಕಡಲಾಚೆ ಮಣ್ಣಾದರು. ಅವರು ಬಳಕೆಗೆ ತಂದ ಹೆಸರು ಇಂದು ಪ್ರತಿ ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿಯೂ ಬರುವುದು. ಅದನ್ನು ಕಂಡಾಗ ವಾಚಕರು ಈ ಮಹನೀಯರನ್ನು ಒಮ್ಮೆ ನೆನೆಯಲಿ. ಮುಂದಿನ ಸಂಬಳದ ದಿನ, ಮೊಬೈಲನ್ನು ಕೈಗೆತ್ತಿಕೊಳ್ಳುವ ಮುನ್ನ, ಊಟವನ್ನು ಮುಗಿಸಲಿ.